ಮರುಭೂಮಿಯಲ್ಲಿ ಮನೆ ಎಳೆದುಕೊಂಡು

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್ ಮರುಭೂಮಿಯ ನಡುವೆ ಇರುವ ನಗರ. 2023ರ ಬೇಸಿಗೆಯಲ್ಲಿ ಇಲ್ಲಿ ಸತತ 31 ದಿನಗಳ ಕಾಲ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ರಾಯಚೂರು, ಕಲಬುರಗಿಯವರಿಗೆ ಅಂತಹ ಬಿಸಿಲು ಹೊಸದೇನಲ್ಲ. ಆದರೆ ಒಂದು ದಿನವೂ ಬಿಡುವಿಲ್ಲದೆ ತಿಂಗಳಿಡೀ ಸುಟ್ಟರೆ ಹೇಗಿರಬಹುದು, ಊಹಿಸಿ! ಮಕ್ಕಳಿಗೆ ಶಾಲೆಯ ರಜೆ ಸಿಗುವುದೂ ಇದೇ ಕಾಲದಲ್ಲಿ. ಹಾಗಾಗಿ ಅಲ್ಲಿನ ಕುಟುಂಬಗಳು ಉತ್ತರದ ಬೆಟ್ಟಗಳತ್ತ ಹೊರಡುತ್ತವೆ. ಎಷ್ಟೋ ಮಂದಿ ಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ.

ಹೌದು, ಮನೆಯನ್ನೇ. ಅಡುಗೆಯ ಒಲೆ, ಫ್ರಿಜ್, ಹಾಸಿಗೆ, ಶೌಚಾಲಯ, ನೀರಿನ ಟ್ಯಾಂಕ್ ಎಲ್ಲವೂ ಇರುವ ಉದ್ದನೆಯ ಡಬ್ಬಿಯಂತಹ ಗಾಡಿ ಅದು. ಎಂಜಿನ್ ಇರುವುದಿಲ್ಲ, ಪಿಕ್‌ಅಪ್ ವಾಹನ ಎಳೆಯಬೇಕು. ಅಲ್ಲಿನವರು ಇದನ್ನು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಎಂಜಿನ್ ಇರುವ ಬಸ್ಸಿನಂತಹ ಮನೆಗಳೂ ಇವೆ. ಎಲ್ಲವಕ್ಕೂ ಸೇರಿ ಆರ್.ವಿ. ಎಂಬ ಹೆಸರು. ಮುಸ್ಲಿಮ್ ಕುಟುಂಬಗಳಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ದಾರಿಯಲ್ಲಿ ಹಲಾಲ್ ಊಟಕ್ಕಾಗಿ ಹುಡುಕಾಡಬೇಕಿಲ್ಲ. ವುಝೂ, ನಮಾಝ್‌ಗೂ ಜಾಗ ಜೊತೆಯಲ್ಲೇ ಇರುತ್ತದೆ.

ಫೀನಿಕ್ಸ್‌ನಲ್ಲಿರುವ ನನ್ನ ಅಕ್ಕನ ಮನೆಯವರ ಜೊತೆ ಒಂದು ಜೂನ್ ತಿಂಗಳಲ್ಲಿ ನಾನೂ ಹೀಗೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗಿದ್ದೆ. ಅಕ್ಕ, ಭಾವ, ಎರಡು ಮಕ್ಕಳು, ಎಪ್ಪತ್ತು ದಾಟಿದ ಅಕ್ಕನ ಅತ್ತೆ ಮತ್ತು ನಾನು, ಒಟ್ಟು ಆರು ಮಂದಿ.

ಹೊರಡುವುದು ಯಾವಾಗ?

ಮೊದಲ ಚರ್ಚೆ ನಡೆದದ್ದೇ ಈ ಬಗ್ಗೆ. ಶುಕ್ರವಾರ ಜುಮಾ ಮುಗಿಸಿ ಹೊರಟರೆ ಒಂದು ರಾತ್ರಿ ಹೆಚ್ಚು ಸಿಗುತ್ತದೆ ಎಂದು ಭಾವ ಹೇಳಿದರು. ಅಕ್ಕ ಒಪ್ಪಲಿಲ್ಲ. "ಮಧ್ಯಾಹ್ನದ ಬಿಸಿಲಲ್ಲಿ ಘಾಟಿ ಹತ್ತುವಾಗ ಎಂಜಿನ್ ಕಾಯುತ್ತದೆ. ಆಗ ನೀವು ಎಸಿ ನಿಲ್ಲಿಸುತ್ತೀರಿ. ಅತ್ತೆಯನ್ನು ಆ ಸೆಕೆಯಲ್ಲಿ ಕೂರಿಸುವುದು ಬೇಡ. ನಾಳೆ ಫಜ್ರ್ ಮುಗಿಸಿ ಹೋಗೋಣ" ಎಂದಳು.

ಅವಳ ಮಾತಿನಲ್ಲಿ ಅರ್ಥವಿತ್ತು. ಫೀನಿಕ್ಸ್ ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ. ದಾರಿಯಲ್ಲಿ ಸಿಗುವ ಫ್ಲ್ಯಾಗ್‌ಸ್ಟಾಫ್ ಪಟ್ಟಣ 2,100 ಮೀಟರ್ ಎತ್ತರದಲ್ಲಿದೆ. ಮಧ್ಯದ ಅಂತರ ಸುಮಾರು 230 ಕಿ.ಮೀ. ಮಾತ್ರ. ಭಾರದ ಟ್ರೇಲರ್ ಎಳೆಯುತ್ತಾ ಏರುವ ಎಂಜಿನ್‌ಗೆ ಮೊದಲೇ ಸಾಕಷ್ಟು ಶ್ರಮ. ಎಸಿಯೂ ಅದರದೇ ಶಕ್ತಿಯನ್ನು ತಿನ್ನುತ್ತದೆ, ರೇಡಿಯೇಟರ್‌ನತ್ತ ಇನ್ನಷ್ಟು ಬಿಸಿಯನ್ನೂ ತಳ್ಳುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಹೊರಟರೆ ಈ ಕಷ್ಟದ ಬಹುಪಾಲು ತಪ್ಪುತ್ತದೆ. ಕೊನೆಗೆ ಅಕ್ಕನ ಮಾತೇ ನಡೆಯಿತು.

ಭಾರ ಎಲ್ಲಿರಬೇಕು?

ಸಾಮಾನು ತುಂಬುವುದು ಸಾಮಾನ್ಯವಾಗಿ ಹೆಂಗಸರ ಕೆಲಸ. ಆದರೆ ಟ್ರೇಲರ್‌ನಲ್ಲಿ ಅದು ಬರೀ ಅಚ್ಚುಕಟ್ಟಿನ ವಿಷಯವಲ್ಲ, ಜೀವದ ವಿಷಯ. ಒಟ್ಟು ಭಾರದ ಶೇ. 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು. ತುಂಬಿದ ಟ್ರೇಲರ್ 2,300 ಕಿಲೋ ಇದ್ದರೆ ಕೊಕ್ಕೆಯ ಮೇಲೆ 230ರಿಂದ 345 ಕಿಲೋ ಇರಬೇಕು. ಅಕ್ಕಿ ಚೀಲ, ನೀರಿನ ಕ್ಯಾನ್, ಪಾತ್ರೆಗಳನ್ನೆಲ್ಲ ಹಿಂಭಾಗದಲ್ಲಿ ತುಂಬಿದರೆ ಮುಂದಿನ ಭಾರ ಹಗುರಾಗಿ, ವೇಗ ಹೆಚ್ಚಿದಾಗ ಟ್ರೇಲರ್ ಬಾಲ ಬೀಸಿದಂತೆ ಓಲಾಡತೊಡಗುತ್ತದೆ. ಎಳೆಯುವ ವಾಹನವನ್ನೂ ಉರುಳಿಸುವ ಓಲಾಟ ಅದು. ಹಾಗಾದಾಗ ಗಾಬರಿಯಿಂದ ಕಾಲಿನ ಬ್ರೇಕ್ ಒತ್ತಬಾರದು. ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದು, ಕೈಯಿಂದ ಟ್ರೇಲರ್‌ನ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಬೇಕು.

ಅಕ್ಕನ ಬಳಿ ಒಂದು ಪಟ್ಟಿಯಿತ್ತು. ಕೊಕ್ಕೆಗೆ ಪಿನ್ ಬಿದ್ದಿದೆಯೇ, ಸರಪಳಿಗಳೆರಡನ್ನು ಕೊಕ್ಕೆಯ ಕೆಳಗೆ ಅಡ್ಡಡ್ಡ ಕಟ್ಟಲಾಗಿದೆಯೇ, ಹಿಂದಿನ ದೀಪಗಳು ಉರಿಯುತ್ತವೆಯೇ, ಗ್ಯಾಸ್ ಬಂದ್ ಆಗಿದೆಯೇ, ಕಪಾಟಿನ ಬಾಗಿಲುಗಳು ಭದ್ರವೇ? ಭಾವ ಒಂದೊಂದನ್ನೂ ಮುಟ್ಟಿ ಹೇಳಬೇಕು, ಅವಳು ಗುರುತು ಹಾಕುತ್ತಾಳೆ. ಟೈರಿನ ಗಾಳಿಯನ್ನು ಹೊರಡುವ ಮುನ್ನ ಟೈರ್ ತಣ್ಣಗಿರುವಾಗಲೇ ನೋಡಬೇಕು. ದಾರಿಯಲ್ಲಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಾಣುವುದು ಸಹಜ. ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ಟೈರ್ ಇನ್ನಷ್ಟು ಕಾದು ಸಿಡಿಯುವ ಅಪಾಯವಿದೆ. ಟ್ರೇಲರ್‌ನ ಹಲವು ಟೈರ್‌ಗಳ ವೇಗದ ಮಿತಿಯೇ ಗಂಟೆಗೆ 105 ಕಿ.ಮೀ. ಇನ್ನೊಂದು ಮುಖ್ಯ ಮಾತು: ಓಡುತ್ತಿರುವ ಟ್ರೇಲರ್ ಒಳಗೆ ಯಾರನ್ನೂ ಕೂರಿಸಬಾರದು, ನಿದ್ದೆ ಮಾಡುವ ಮಕ್ಕಳನ್ನಂತೂ ಖಂಡಿತ ಬೇಡ.

ಇಳಿಜಾರು ಏರಿಗಿಂತ ಕಷ್ಟ. ಈ ಹೆದ್ದಾರಿ ಒಮ್ಮೆ ಮೇಲೇರಿ, ವರ್ಡೆ ಕಣಿವೆಗೆ ಇಳಿದು, ಮತ್ತೆ ಏರುತ್ತದೆ. ನಮ್ಮ ಘಾಟಿಗಳಲ್ಲಿ ಲಾರಿಯವರು ಮಾಡುವಂತೆ ಕೆಳ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿಯದಂತಾಗುತ್ತದೆ.

ತಂಪು ಎಲ್ಲಿಂದ?

ಕಳ್ಳಿಗಳ ಮರುಭೂಮಿ ಹಿಂದೆ ಸರಿದು, ಫ್ಲ್ಯಾಗ್‌ಸ್ಟಾಫ್ ಹತ್ತಿರವಾದಂತೆ ಎತ್ತರದ ಪೈನ್ ಕಾಡು ಶುರುವಾಯಿತು. ಕಿಟಕಿ ಇಳಿಸಿದಾಗ ತಣ್ಣನೆಯ ಗಾಳಿ! ಜೂನ್‌ನಲ್ಲಿ ಫೀನಿಕ್ಸ್‌ನ ಮಧ್ಯಾಹ್ನ ಸರಾಸರಿ 40 ಡಿಗ್ರಿ ಇದ್ದರೆ ಇಲ್ಲಿ 26ರ ಆಸುಪಾಸು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆ ಎಂಬುದು ಶಾಲೆಯ ಪಾಠ. ಮಂಗಳೂರಿನಿಂದ ಮಡಿಕೇರಿಗೆ ಹೋದವರಿಗೆ ಅದು ಅನುಭವದ ಪಾಠ. ಎಸಿಗಿಂತ ದೊಡ್ಡ ತಂಪು ಎತ್ತರದ್ದೇ.

ಅಲ್ಲಿಂದ ಸುಮಾರು 130 ಕಿ.ಮೀ. ದೂರದಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು. ನಾವು ತಂಗಿದ ಟ್ರೇಲರ್ ವಿಲೇಜ್‌ನಲ್ಲಿ ಕರೆಂಟ್, ನೀರು, ಚರಂಡಿ ಸಂಪರ್ಕ ಇದೆ. ಪಕ್ಕದ ಮ್ಯಾದರ್ ಶಿಬಿರದಲ್ಲಿ ಇವು ಇಲ್ಲ, ಜನರೇಟರ್ ಹಾಕುವುದಕ್ಕೂ ನಿಗದಿತ ಸಮಯವಿದೆ. ವಯಸ್ಸಾದವರು, ಮಕ್ಕಳು ಜೊತೆಯಲ್ಲಿದ್ದರೆ ಇದನ್ನು ಮೊದಲೇ ವಿಚಾರಿಸಿ ಕಾದಿರಿಸಬೇಕು.

ಟ್ರೇಲರ್ ಹಿಂದಕ್ಕೆ ತೆಗೆಯುವುದು ಹೊಸಬರಿಗೆ ತಲೆನೋವು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಭಾವ ಸ್ಟೀರಿಂಗ್‌ನ ಕೆಳಭಾಗದಲ್ಲಿ ಕೈಯಿಟ್ಟರು. ಹಾಗೆ ಹಿಡಿದರೆ ಕೈ ಹೋದ ಕಡೆಗೇ ಟ್ರೇಲರ್ ಹೋಗುತ್ತದೆ. ನಿಲ್ಲಿಸಿದ ಮೇಲೆ ಚಕ್ರಗಳಿಗೆ ಅಡ್ಡ ಕೊಟ್ಟ ನಂತರವೇ ಕೊಕ್ಕೆ ಬಿಡಿಸಿದರು.

ನಿಲ್ಲಿಸುವ ದಿಕ್ಕು ಕೂಡ ಮುಖ್ಯ. ಅಮೆರಿಕದ ಟ್ರೇಲರ್‌ಗಳಲ್ಲಿ ಬಾಗಿಲು ಮತ್ತು ಮಡಚುವ ಚಪ್ಪರ ಬಲಬದಿಯಲ್ಲಿರುತ್ತವೆ. ಆ ಬದಿ ಪಶ್ಚಿಮಕ್ಕಿದ್ದರೆ ಇಳಿಬಿಸಿಲಿಗೆ ಚಪ್ಪರವೇ ನೆರಳು. ಕಿಟಕಿಗಳಿಗೆ ಬೆಳ್ಳಿಬಣ್ಣದ ಹಾಳೆ ಅಡ್ಡವಿಟ್ಟರೆ ಒಳಗೆ ಅರ್ಧ ಸೆಕೆ ಕಡಿಮೆ ಅನಿಸುತ್ತದೆ.

ಚಾವಣಿಯ ಎಸಿ ಸಾಮಾನ್ಯವಾಗಿ 13,500 ಬಿ.ಟಿ.ಯು., ನಮ್ಮ ಲೆಕ್ಕದಲ್ಲಿ ಒಂದು ಟನ್‌ಗಿಂತ ತುಸು ಹೆಚ್ಚು. ತೆಳು ಗೋಡೆಯ ಪೆಟ್ಟಿಗೆ ಒಮ್ಮೆ ಕಾದ ಮೇಲೆ ಅದನ್ನು ತಣಿಸಲು ಅದಕ್ಕೆ ಗಂಟೆಗಟ್ಟಲೆ ಬೇಕು. ಆದ್ದರಿಂದ ಬಿಸಿಲೇರುವ ಮೊದಲೇ ಹಾಕಬೇಕು. 30 ಆಂಪಿಯರ್ ಸಂಪರ್ಕವೆಂದರೆ ಒಟ್ಟು 3,600 ವ್ಯಾಟ್. ಎಸಿ, ಮೈಕ್ರೋವೇವ್, ನೀರು ಕಾಯಿಸುವ ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವುದು ಖಚಿತ. ಅಕ್ಕ ಬೆಳಿಗ್ಗೆಯೇ ಅಡುಗೆ ಮುಗಿಸುತ್ತಿದ್ದಳು, ಹುರಿಯುವುದು ಕರಿಯುವುದೆಲ್ಲ ಚಪ್ಪರದಡಿಯ ಒಲೆಯಲ್ಲಿ. ಗ್ಯಾಸಿನ ಫ್ರಿಜ್ ತಣ್ಣಗಾಗಲು ಬಹಳ ಹೊತ್ತು ಬೇಕು. ಹಿಂದಿನ ರಾತ್ರಿಯೇ ಹಾಕಿ, ಮಾಂಸವನ್ನು ಹೆಪ್ಪುಗಟ್ಟಿಸಿಯೇ ಇಡಬೇಕು.

ನೀರು ಆವಿಯಾಗಿ ತಂಪು ಕೊಡುವ ಕೂಲರ್ ಕರಾವಳಿಯಲ್ಲಿ ಪ್ರಯೋಜನವಿಲ್ಲ. ಆದರೆ ಅರಿಜೋನಾದ ಒಣ ಗಾಳಿಯಲ್ಲಿ ಅದು ಕಲಬುರಗಿಯಲ್ಲಿರುವಂತೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈನಲ್ಲಿ ಅಲ್ಲಿನ ಮಳೆಗಾಲ ಶುರುವಾದ ಮೇಲೆ ಅದರ ತಂಪು ಕಡಿಮೆಯಾಗುತ್ತದೆ.

ಒಣ ಸೆಕೆಯ ಮೋಸ

ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ದೇಹ ನೀರು ಕಳೆದುಕೊಳ್ಳುತ್ತಿರುವುದು ತಿಳಿಯುವುದಿಲ್ಲ. ಅತ್ತೆಗೆ ಬಾಯಾರಿಕೆಯೇ ಆಗುತ್ತಿರಲಿಲ್ಲ. ಅಕ್ಕ ಗಂಟೆಗೊಮ್ಮೆ ನಿಂಬೆ ಶರಬತ್ತೋ ಉಪ್ಪು ಹಾಕಿದ ಮಜ್ಜಿಗೆಯೋ ಕೊಡುತ್ತಿದ್ದಳು. ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದ ನೀರನ್ನು ಹೊರಹಾಕುತ್ತವೆ. ಎಷ್ಟು ನೀರು, ಉಪ್ಪು ಕೊಡಬಹುದೆಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿದ್ದಳು. ಸಡಿಲವಾದ, ಮೈತುಂಬಾ ಹೊದೆಯುವ ತಿಳಿಬಣ್ಣದ ಹತ್ತಿ ಬಟ್ಟೆ ಇಂತಹ ಬಿಸಿಲಿಗೆ ಒಳ್ಳೆಯ ರಕ್ಷಣೆ.

ನಿಲ್ಲಿಸಿದ ವಾಹನದೊಳಗೆ ಹತ್ತೇ ನಿಮಿಷದಲ್ಲಿ ಉಷ್ಣಾಂಶ ಸುಮಾರು 10 ಡಿಗ್ರಿ ಏರಬಹುದು. "ಈಗ ಬಂದೆ" ಎಂದು ಮಕ್ಕಳನ್ನಾಗಲೀ ವೃದ್ಧರನ್ನಾಗಲೀ ಅದರಲ್ಲಿ ಬಿಟ್ಟು ಹೋಗಬಾರದು. ಬಿಸಿಲಿಗೆ ಬಳಲಿದವರು ಅಸಂಬದ್ಧವಾಗಿ ಮಾತಾಡತೊಡಗಿದರೆ ಅದು ಉಷ್ಣಾಘಾತದ ಲಕ್ಷಣ. ತಕ್ಷಣ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ, 911ಕ್ಕೆ ಕರೆ ಮಾಡಬೇಕು.

ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚು ತಂಪಾಗಿದ್ದರೂ ಒಂದೂವರೆ ಕಿಲೋಮೀಟರ್ ಆಳದ ತಳ ಕಾದ ಬಾಣಲೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕೆಳಗಿನ ದಾರಿಗಳಲ್ಲಿ ನಡೆಯಬೇಡಿ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ನಾವು ಕೆಳಗಿಳಿಯಲಿಲ್ಲ. ಅಂಚಿನಲ್ಲಿ ಓಡಾಡುವ ಉಚಿತ ಬಸ್ ಹತ್ತಿದೆವು. ಅಸರ್‌ನ ನಂತರ ಕೆಂಪು, ಹಳದಿ, ನೇರಳೆ ಪದರಗಳ ಮೇಲೆ ನೆರಳು ಚಲಿಸುವುದನ್ನು ಅತ್ತೆ ಬೆಂಚಿನ ಮೇಲೆ ಕುಳಿತು ನೋಡಿದರು. "ಸುಬ್‌ಹಾನಲ್ಲಾಹ್" ಎಂದದ್ದು ಬಿಟ್ಟರೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆ ರಾತ್ರಿ ಕಂಬಳಿ ಹೊದ್ದು ಮಲಗಿದೆವು, ಎಸಿ ಬೇಕಾಗಲಿಲ್ಲ.

ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ತಾಯಂದಿರು ಈಗ ನಮ್ಮಲ್ಲಿ ಬಹಳಷ್ಟಿದ್ದಾರೆ. ಇಂತಹ ಪ್ರವಾಸಕ್ಕೆ ಕರೆದರೆ ಖಂಡಿತ ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ ಹೊರಡುವುದು? ಎಷ್ಟು ಎತ್ತರದಲ್ಲಿ ತಂಗುವುದು? ಅಲ್ಲಿ ಕರೆಂಟ್ ಇದೆಯೇ? ಉತ್ತರ ಸರಿಯಿಲ್ಲದಿದ್ದರೆ, ಅಕ್ಕನಂತೆ, "ನಾಳೆ ಬೆಳಿಗ್ಗೆ ಹೋಗೋಣ" ಎನ್ನಲು ಸಂಕೋಚಪಡಬೇಡಿ.