ಮಾರ್ಗಶಿರದ ಜೊತೆಗಾರ

ಡಿಸೆಂಬರ್ ಹತ್ತಿರ ಬಂತೆಂದರೆ ಹೈದರಾಬಾದಿನ ಪತ್ರಿಕೆಗಳಲ್ಲಿ ಕೋಹೀರ್ ಹೆಸರು ಕಾಣಿಸತೊಡಗುತ್ತದೆ. ಜಹೀರಾಬಾದಿನ ಪಕ್ಕದ ಈ ಊರನ್ನು ಉಳಿದ ದಿನಗಳಲ್ಲಿ ಜನ ನೆನೆಯುವುದು ಪೇರಲಹಣ್ಣಿಗಾಗಿ. ಚಳಿಗಾಲದಲ್ಲಿ ಮಾತ್ರ ಅದು ತೆಲಂಗಾಣದ ಅತಿ ಥಂಡಿಯ ಜಾಗಗಳ ಸಾಲಿಗೆ ಸೇರುತ್ತದೆ; ಕೆಲವು ವರ್ಷ ಪಾದರಸ ಐದು ಡಿಗ್ರಿಯ ಆಸುಪಾಸಿಗೆ ಇಳಿದದ್ದುಂಟು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು, ಮೋಡವಿಲ್ಲದ ಆಕಾಶ, ಉತ್ತರದಿಂದ ಬೀಸುವ ಒಣಗಾಳಿ. ಹಗಲೆಲ್ಲ ನೆಲ ಕುಡಿದ ಬಿಸಿಲು ರಾತ್ರಿ ಆಕಾಶಕ್ಕೆ ಸೋರಿಹೋಗುತ್ತದೆ. ಹಿಮ ಬೀಳುವುದಿಲ್ಲ, ಅಷ್ಟೇ. ಅಮೆರಿಕಕ್ಕೆ ಹೋದ ನಮ್ಮ ಕಡೆಯ ಹುಡುಗರು ನಾಯಿಗೆ ಸ್ವೆಟರ್ ತೊಡಿಸಿ ಹಿಮದಲ್ಲಿ ಆಡುವ ಚಿತ್ರ ಕಳಿಸುತ್ತಾರೆ, ಇಲ್ಲಿ ಅವರ ಅವ್ವಂದಿರು ಅದನ್ನು ಓಣಿಗೆಲ್ಲ ತೋರಿಸುತ್ತಾರೆ. ಆ ಚಿತ್ರ ನನಗೂ ಇಷ್ಟ. ಆದರೆ ನಾಯಿಯ ಜೊತೆ ಚಳಿಗಾಲವನ್ನು ಸವಿಯಲು ಹಿಮವೇ ಬೇಕೆಂದೇನಿಲ್ಲ. ನಮಗೆ ಇಬ್ಬನಿಯಿದೆ.

ಅದು ಎಂಥ ಇಬ್ಬನಿ ಎಂಬುದನ್ನು ತಿಳಿಯಲು ಇಲ್ಲಿಯ ಹಿಂಗಾರಿ ಹೊಲಗಳನ್ನು ನೋಡಬೇಕು. ಮಳೆ ನಿಂತ ಮೇಲೆ ಕಪ್ಪು ಮಣ್ಣಿನಲ್ಲಿ ಕಡಲೆ, ಅಗಸೆ, ಕುಸುಬೆ, ಬಿಳಿಜೋಳ ಏಳುತ್ತವೆ. ಬಾವಿಯ ನೀರಿಲ್ಲ, ಕಾಲುವೆಯ ನೀರಿಲ್ಲ. ನೆಲದೊಳಗೆ ಉಳಿದ ಹಸಿ ಮತ್ತು ಮೇಲಿಂದ ಇಳಿಯುವ ಇಬ್ಬನಿಯ ಮೇಲೆಯೇ ಅವು ಬೆಳೆದು ಕಾಳು ಕಟ್ಟುತ್ತವೆ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಣ್ಣುಮಕ್ಕಳು ಇವನ್ನು ‘ಸತ್ಯಂ ಪಂಟಲು’, ಅಂದರೆ ಸತ್ಯದ ಬೆಳೆಗಳು, ಎಂದು ಕರೆದು, ಬೀಜ ಜೋಪಾನ ಮಾಡಿಕೊಂಡು ಬಂದಿದ್ದಾರೆ. 2019ರಲ್ಲಿ ಅವರ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಾಗ ನನಗೆ ಆದ ಸಂತೋಷದಲ್ಲಿ ಇಬ್ಬನಿಯ ಪಾಲೂ ಇತ್ತು.

ಸೂರ್ಯ ಏಳುವ ಮುಂಚೆ ಮೋತಿಯನ್ನು ಕರೆದುಕೊಂಡು ಹೊರಟರೆ ಕಡಲೆ ಹೊಲ ಈ ಒಡ್ಡಿನಿಂದ ಆ ಒಡ್ಡಿನವರೆಗೆ ಬೆಳ್ಳಗೆ ಕಾಣುತ್ತದೆ. ಮೋತಿ ಜಾತಿನಾಯಿಯಲ್ಲ, ನಮ್ಮ ಓಣಿಯಲ್ಲೇ ಹುಟ್ಟಿದ ಕಂದು ನಾಯಿ. ಬೇಸಿಗೆಯಲ್ಲಿ ಎಬ್ಬಿಸಿದರೂ ಏಳದ ಪ್ರಾಣಿ ಮಾರ್ಗಶಿರದಲ್ಲಿ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿರುತ್ತದೆ. ಹೊಲದ ಅಂಚು ಮುಟ್ಟಿದ್ದೇ ತಡ, ಸಾಲಿನ ನಡುವೆ ಬಾಣದಂತೆ ನುಗ್ಗಿ, ಆ ತುದಿಯಲ್ಲಿ ತಿರುಗಿ, ಹೊಟ್ಟೆಯೆಲ್ಲ ತೊಯ್ಯಿಸಿಕೊಂಡು ಬಂದು ನನ್ನ ಎದುರಿಗೇ ಮೈ ಕೊಡವುತ್ತದೆ. ನನ್ನ ಧೋತರವೂ ಒದ್ದೆ. ಆಮೇಲೆ ಕೂತು ಮುಂಗಾಲು ನೆಕ್ಕಲು ಶುರುಮಾಡಿ, ಮುಖ ಕಿವುಚಿ, ಮತ್ತೆ ನೆಕ್ಕುತ್ತದೆ. ಕಡಲೆ ಗಿಡದ ಮೇಲಿನ ಇಬ್ಬನಿ ಹುಳಿ. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸುರಿಸುವುದರಿಂದ ಆ ಹುಳಿ. ಹಿರಿಯರು ರಾತ್ರಿ ಹೊಲದ ಮೇಲೆ ತೆಳುಬಟ್ಟೆ ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ, ಹೊಟ್ಟೆನೋವಿಗೆಂದು ಸೀಸೆಯಲ್ಲಿ ತುಂಬಿಡುತ್ತಿದ್ದರು. ನಾಯಿಯ ಅಂಗಾಲು ಸೀಳಿದ್ದರೆ ಈ ಹುಳಿ ಉರಿಯುತ್ತದೆ. ಮನೆಗೆ ಬಂದೊಡನೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು ಒರೆಸಿದರೆ ಸಾಕು.

ಇಷ್ಟು ಥಂಡಿಯಲ್ಲಿ ಬರಿಗಾಲಲ್ಲಿ ಅದು ಹೇಗೆ ಓಡುತ್ತದೆ? ನಾಯಿಯ ಪಾದದಲ್ಲಿ ಶುದ್ಧರಕ್ತದ ನಾಳವೂ ಮರಳುವ ರಕ್ತದ ನಾಳಗಳೂ ಮಗ್ಗುಲಿಗೆ ಮಗ್ಗುಲು ಹೆಣೆದುಕೊಂಡಿವೆ. ಇಳಿಯುವ ಬಿಸಿರಕ್ತ, ಏರುವ ತಣ್ಣನೆಯ ರಕ್ತವನ್ನು ದಾರಿಯಲ್ಲೇ ಬೆಚ್ಚಗೆ ಮಾಡಿಬಿಡುತ್ತದೆ. ಧ್ರುವದ ಹಿಮದಲ್ಲಿ ಗಾಡಿ ಎಳೆಯುವ ನಾಯಿಗೂ ಕೋಹೀರಿನ ಓಣಿಯ ನಾಯಿಗೂ ಇದೇ ಏರ್ಪಾಟು. ಮೂಗಿಗಂತೂ ಇದು ಹಬ್ಬದ ಕಾಲ. ಗಾಳಿ ನಿಂತ, ಹಸಿಯಾದ ನೆಲದಲ್ಲಿ ವಾಸನೆ ಮೇಲೇಳದೆ ಅಲ್ಲೇ ಉಳಿಯುತ್ತದೆ. ರಾತ್ರಿ ಬಂದುಹೋದ ಕಾಡುಹಂದಿ, ಮೊಲ, ಯಾರದೋ ಎತ್ತು, ಎಲ್ಲದರ ಜಾಡನ್ನೂ ಮೋತಿ ನಿಧಾನಕ್ಕೆ ಓದುತ್ತ ಹೋಗುತ್ತದೆ. ಅವಸರ ಮಾಡಿ ಹಗ್ಗ ಜಗ್ಗುವುದು ಅನ್ಯಾಯ. ಅದು ಮೂಸುವಷ್ಟು ಹೊತ್ತು ನಾನೂ ಅಗಸೆಯ ನೀಲಿ ಹೂ ನೋಡುತ್ತ ನಿಲ್ಲುತ್ತೇನೆ.

ತಾಂಡೂರಿನ ಕಡೆ ಹೋದರೆ ಬೇರೆ ಎಚ್ಚರ ಬೇಕು. 2022ರಲ್ಲಿ ಭೌಗೋಳಿಕ ಗುರುತು ಪಡೆದ ಅಲ್ಲಿಯ ತೊಗರಿ ಕೊಯ್ಲಿಗೆ ಬರುವುದೂ ಇದೇ ದಿನಗಳಲ್ಲಿ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಕೂಳೆ ಮೊಳೆಗಿಂತ ಚೂಪು. ಆ ಹೊಲಕ್ಕೆ ಯಾವ ನಾಯಿಯನ್ನೂ ಓಡಲು ಬಿಡಬಾರದು, ಒಡ್ಡಿನ ಮೇಲೆಯೇ ನಡೆಸಬೇಕು. ಅಲ್ಲಿ ನಾಯಿಗಳಿಗೆ ಇನ್ನೊಂದು ಸುಖವಿದೆ: ಕಲ್ಲು. ಮನೆಯ ಮುಂದೆ, ಗಣಿಗಳ ಹತ್ತಿರ ಪೇರಿಸಿಟ್ಟ ಹಾಸುಗಲ್ಲುಗಳು ಬಿಸಿಲೇರಿದಂತೆ ಕಾಯುತ್ತವೆ, ಸಂಜೆಯಾದರೂ ಬೇಗ ಆರುವುದಿಲ್ಲ. ಊರಿನ ನಾಯಿಗಳೆಲ್ಲ ಅವುಗಳ ಮೇಲೆ ಅಂಗಾತ ಬಿದ್ದಿರುತ್ತವೆ.

ನಾರಾಯಣಖೇಡದ ಸೀಮೆಗೆ ಹಿಮದ ನಾಡಿನಿಂದ ನಿಜವಾಗಿಯೂ ಅತಿಥಿಗಳು ಬರುತ್ತಾರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಮಾಂಜ್ರಾ ನದಿಯ ನೀರಿಗೆ ಇಳಿಯುತ್ತವೆ. ಅವನ್ನು ನಾಯಿಗೆ ತೋರಿಸುವ ಆಸೆ ಯಾರಿಗಾದರೂ ಆದೀತು. ದೂರದಿಂದ ತೋರಿಸಿ. ಸಾವಿರಾರು ಮೈಲಿ ಹಾರಿ ದಣಿದ ಹಕ್ಕಿಗಳನ್ನು ನಾಯಿಯಿಂದ ಅಟ್ಟಿಸುವುದು ಆಟವಲ್ಲ. ಜೊತೆಗೆ ಮಾಂಜ್ರಾದಲ್ಲಿ ಮೊಸಳೆಗಳಿವೆ, ಚಳಿಗಾಲದಲ್ಲೇ ಅವು ಬಿಸಿಲಿಗೆ ಮೈ ಕಾಯಿಸಲು ದಡಕ್ಕೆ ಬರುತ್ತವೆ. ನೀರಿನ ಹತ್ತಿರ ಹಗ್ಗ ಕೈಬಿಡಬೇಡಿ.

ರಾಜ್ಯಗಳ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಿಲ್ಲೆ ಬದಲಾದರೂ ಪಂಚಾಂಗ ಬದಲಾಗಲಿಲ್ಲ. ನಮ್ಮ ಪಂಚಾಂಗದಲ್ಲಿ ನಾಯಿಗೆ ಒಂದು ತಿಂಗಳಿದ್ದರೆ ಅದು ಮಾರ್ಗಶಿರವೇ ಎಂದು ನನ್ನ ಗಟ್ಟಿ ನಂಬಿಕೆ. ಶುದ್ಧ ಷಷ್ಠಿ ಮೈಲಾರಲಿಂಗನದು. ಅವನ ಬಳಿ ನಾಯಿ ಇದ್ದೇ ಇರುತ್ತದೆ, ಅವನ ಭಕ್ತರಾದ ವಗ್ಗಯ್ಯಗಳು ತಾವೇ ನಾಯಿಗಳಾಗಿ ಸೇವೆ ಮಾಡುತ್ತಾರೆ. ಹುಣ್ಣಿಮೆ ದತ್ತಾತ್ರೇಯನದು. ಗಾಣಗಾಪುರಕ್ಕೆ ನಡೆಯುವವರ ಮನೆಯ ಪಟದಲ್ಲಿ ಅವನ ಕಾಲ ಬಳಿ ನಾಲ್ಕು ನಾಯಿಗಳು. ಧರ್ಮರಾಯ ಹಿಮದಲ್ಲಿ ನಡೆದಾಗ ಕೊನೆಯವರೆಗೆ ಉಳಿದದ್ದೂ ನಾಯಿಯೇ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದವನ ಕಥೆ ಕೇಳಿ ಬೆಳೆದವರು ನಾವು.

ತಿಂಗಳ ಕೊನೆಗೆ ಎಳ್ಳಮಾಸಿ. ಅಂದು ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ: ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ, ಕಡುಬು. ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ಊಟ. ಹಿಂದೊಮ್ಮೆ ಪರಿಚಯದವರ ಹೊಲದಲ್ಲಿ ಎಲ್ಲರೂ ಕೂತು ಬಡಿಸುವ ಹೊತ್ತಿಗೆ ಮನೆಯ ಹಿರಿಯಮ್ಮ ಕೈ ತಡೆದರು. “ನಾಯಿಗಿ ಮೊದಲ ಹಾಕ್ರಿ, ಅದು ಭೀ ಹೊಲ ಕಾದದಲ್ಲ” ಎಂದರು. ಸೊಸೆ ರೊಟ್ಟಿ ಮುರಿದು ಭಜ್ಜಿಯಲ್ಲಿ ಕಲಸಲು ಹೋದಾಗ, “ಬ್ಯಾಡ, ಖಾರ ಆತದ, ಅಂಬಲಿ ಹಾಕು” ಎಂದರು. ಊಟವಾದ ಮೇಲೆ ತೊಗರಿಕಟ್ಟಿಗೆಯ ಬೆಂಕಿಯಲ್ಲಿ ಜೋಳದ ಸೀತನಿ ಸುಟ್ಟರು, ಕಡಲೆಯ ಸುಲಗಾಯಿ ಸುಟ್ಟರು. ಹುಡುಗರು ಚೆಂಡು ಎಸೆದರೆ ಮೋತಿ ಮತ್ತು ಆ ಹೊಲದ ನಾಯಿ ಒಟ್ಟಿಗೇ ಹಾರಿ, ಚೆಂಡನ್ನು ಮರೆತು ಒಂದರ ಬೆನ್ನಿಗೆ ಒಂದು ಹತ್ತಿ, ಜೋಳದ ಸಾಲೊಳಗೆ ಮಾಯವಾಗುತ್ತಿದ್ದವು. ಕುಸುಬೆಯ ಮುಳ್ಳಿನ ಅಂಚಿಗೆ ಬಂದಾಗ ಮಾತ್ರ ಎರಡೂ ಗಕ್ಕನೆ ನಿಲ್ಲುತ್ತಿದ್ದವು.

ಓಣಿಯ ನಾಯಿಗಳು ಮರಿ ಹಾಕುವುದೂ ಬಹುಪಾಲು ಇದೇ ಚಳಿಯಲ್ಲಿ. ಮೈಮೇಲೆ ರೋಮ ಬಲಿಯದ ಮರಿಗಳು ನಡುರಾತ್ರಿ ಒಂದರ ಮೇಲೊಂದು ಬಿದ್ದು ಕುಂಯ್‌ಗುಟ್ಟುತ್ತವೆ. ಆರಿದ ಒಲೆಯ ಬೂದಿ ಸಿಕ್ಕರೆ ಅಲ್ಲಿ, ನಿಲ್ಲಿಸಿದ ಗಾಡಿಯ ಎಂಜಿನ್ ಬೆಚ್ಚಗಿದ್ದರೆ ಅದರ ಕೆಳಗೆ. ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಬಗ್ಗಿ ನೋಡಬೇಕು. ನೆಲದ ಥಂಡಿ ತಾಗದಂತೆ ಒಂದು ಹಲಗೆ, ಅದರ ಮೇಲೆ ಹುಲ್ಲು ತುಂಬಿದ ಗೋಣಿಚೀಲ, ಗಾಳಿ ಬೀಸುವ ಕಡೆ ಒಂದು ಮರೆ: ಇಷ್ಟಕ್ಕೆ ದುಡ್ಡೇನೂ ಬೇಕಿಲ್ಲ. ನಮ್ಮ ಓಣಿಯ ಮಕ್ಕಳು ಈ ಸಲ ಹಳೆಯ ಮೇವಿನ ಗೂಡನ್ನೇ ಮರಿಗಳಿಗೆ ಬಿಡಿಸಿಕೊಟ್ಟಿದ್ದಾರೆ. ಬಾಣಂತಿ ನಾಯಿಗೆ ಸಂಜೆ ಅಂಬಲಿ ಒಯ್ಯುವ ಸರದಿಯೂ ಗೊತ್ತಾಗಿದೆ. ಮರಿಗಳ ಹೆಸರಿನ ಜಗಳ ಮಾತ್ರ ಇನ್ನೂ ನಡೆದಿದೆ. ದೊಡ್ಡ ಮರಿಗೆ ರಾಜಾ ಎಂದು ಇಬ್ಬರು, ಶೇರು ಎಂದು ಮೂವರು ಹಟ ಹಿಡಿದಿದ್ದಾರೆ.