ಮೊದಲು ರೊಟ್ಟಿ, ಆಮೇಲೆ ಪೆಟ್ರೋಲು

2025ರ ಸೆಪ್ಟೆಂಬರಿನ ಅತಿವೃಷ್ಟಿ ಇಳಿದು, ಹೊಲ ಕಾಲಿಡುವಷ್ಟು ಆರಿದ ಮೇಲಿನ ಒಂದು ಭಾನುವಾರ. ಸೊಲ್ಲಾಪುರದಲ್ಲಿ ಬಲಿಪೂಜೆ ಮುಗಿಸಿ, ಅಕ್ಕಲಕೋಟೆ ಕಡೆಯ ನಮ್ಮ ಹಳ್ಳಿಗೆ ಬಂದು ಊಟಕ್ಕೆ ಕುಳಿತಿದ್ದೆವು. ಹಿಂಗಾರಿ ಬಿತ್ತನೆಯ ಮಾತು ಬಂತು. ನಮ್ಮದು ಮೂರೆಕರೆ ಕರಿಮಣ್ಣಿನ ಹೊಲ. ಹಿರಿಯರ ಕಾಲದಿಂದಲೂ ಅದರಲ್ಲಿ ಬಿಳಿಜೋಳವೇ. ಆದರೆ ಮಗ ಬೇರೆ ರಾಗ ತೆಗೆದ.

"ಈ ವರ್ಷ ಬಾವ್ಯಾಗ ನೀರೈತಿ. ಮೂರೂ ಎಕರೆ ಗೋವಿನಜ್ವಾಳ ಹಾಕೂಣ್ರಿ ಅಪ್ಪಾ. ಇಥೆನಾಲ್ ಕಾರ್ಖಾನೆಯವರು ಕೊಳ್ತಾರ, ಕೈಯಾಗ ರೊಕ್ಕ ಬರತೈತಿ."

ಎಂಬತ್ತು ದಾಟಿದ ಆಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಕೇಳಿದಳು: "ಮೋಟರಿಗೆ ಉಣಸಾಕ ಬಿತ್ತತೀ ಏನೋ ಯಪ್ಪಾ? ಮತ್ತ ನಾವೇನ ಉಣ್ಣೂದು?"

ಮಗ ನಕ್ಕ. ನಮಗೆ ನಗು ಬರಲಿಲ್ಲ. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ಮಗನದು ದುರಾಸೆಯೇನಲ್ಲ. ಜೋಳ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೈಗೆಟಕುವುದಿಲ್ಲ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುತ್ತದೆ. ಆ ಹಣದಲ್ಲಿ ಸ್ವಲ್ಪವಾದರೂ ಅರಬ್ಬರ ನಾಡಿಗೆ ಹೋಗದೆ ನಮ್ಮ ರೈತನ ಮನೆಗೆ ಬಂದರೆ ಬೇಡವೆನ್ನುವವರಾರು? 2014ರಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಇಥೆನಾಲ್ ಶೇಕಡಾ ಒಂದೂವರೆಯಷ್ಟು ಮಾತ್ರ. 2025ಕ್ಕೆ ಅದು ಶೇಕಡಾ 20 ಮುಟ್ಟಿತು.

ಆದರೆ ಆಯಿ 1972ರ ಬರವನ್ನು ಕಂಡವಳು. ಸರಕಾರದ ಬರಗಾಲದ ಕೆಲಸದಲ್ಲಿ ಕಲ್ಲು ಒಡೆದವಳು. ರೇಷನ್ನಿನಲ್ಲಿ ಸಿಗುತ್ತಿದ್ದ ಅಮೆರಿಕದ ಕೆಂಪು ಮಿಲೋ ಜೋಳದ ರೊಟ್ಟಿ ಬಡಿದು ಮಕ್ಕಳನ್ನು ಬದುಕಿಸಿಕೊಂಡವಳು. ಅಂದು ನಮಗೆ ಕಾಳು ಕಳಿಸಿದ ಅದೇ ಅಮೆರಿಕ ಇಂದು ತಾನು ಬೆಳೆಯುವ ಮೆಕ್ಕೆಜೋಳದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಇಥೆನಾಲ್ ಕಾರ್ಖಾನೆಗೆ ಹಾಕುತ್ತಿದೆ.

ಆ ರಾತ್ರಿ ಮಗನ ಜೊತೆ ಕುಳಿತು ಲೆಕ್ಕ ಹಾಕಿದೆವು. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಇಥೆನಾಲ್ ಬರುತ್ತದೆ. ಅವನು ಬೈಕಿಗೆ 10 ಲೀಟರ್ ಪೆಟ್ರೋಲು ಹಾಕಿಸಿದರೆ ಅದರಲ್ಲಿ 2 ಲೀಟರ್ ಇಥೆನಾಲ್. ಅದು ಗೋವಿನಜೋಳದಿಂದ ಬಂದದ್ದಾದರೆ, ಐದು ಕಿಲೋಗಿಂತ ತುಸು ಹೆಚ್ಚು ಕಾಳು. 2013ರ ಆಹಾರ ಭದ್ರತೆ ಕಾಯಿದೆಯಂತೆ ಒಬ್ಬ ಬಡವನಿಗೆ ಒಂದು ತಿಂಗಳಿಗೆ ಸಿಗುವ ರೇಷನ್ ಎಷ್ಟು? ಅದೂ ಐದು ಕಿಲೋ! ಮಗ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತ.

ಇದು ಬರೀ ಕಾಗದದ ಲೆಕ್ಕವಲ್ಲ. 2007ರ ಜನವರಿಯಲ್ಲಿ ಮೆಕ್ಸಿಕೋ ನಗರದಲ್ಲಿ ಸಾವಿರಾರು ಜನ ಬೀದಿಗಿಳಿದರು. ಬಡವರ ನಿತ್ಯದ ಮೆಕ್ಕೆಜೋಳದ ರೊಟ್ಟಿ ದುಬಾರಿಯಾಗಿತ್ತು. ಅಮೆರಿಕದ ಇಥೆನಾಲ್ ಬೇಡಿಕೆ ಅದಕ್ಕೆ ಒಂದು ಮುಖ್ಯ ಕಾರಣ. ನಮ್ಮ ದೇಶದಲ್ಲೂ 2023ರ ಜುಲೈಯಲ್ಲಿ ಸರಕಾರಿ ಗೋದಾಮಿನ ಅಕ್ಕಿಯನ್ನು ಇಥೆನಾಲಿಗೆ ಕೊಡುವುದನ್ನು ನಿಲ್ಲಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಇಥೆನಾಲ್ ಮಾಡುವುದಕ್ಕೂ ಕಡಿವಾಣ ಬಿತ್ತು. 2024ರಲ್ಲಿ ಎರಡೂ ತಡೆಗಳು ಸಡಿಲವಾದವು. ಅದೇ ವರ್ಷ ಗೋವಿನಜೋಳ ಸಾಲದೆ ಮ್ಯಾನ್ಮಾರ್, ಯುಕ್ರೇನ್‌ಗಳಿಂದ ತರಿಸಿಕೊಂಡೆವು. ಕೋಳಿ ಸಾಕುವವರು ಮೇವಿನ ಬೆಲೆ ಕಂಡು ಕಂಗಾಲಾದರು.

ಹಾಗಾದರೆ ಇಥೆನಾಲೇ ಬೇಡವೇ? ನಮಗೆ ಪ್ರಭು ಯೇಸು ಐದು ರೊಟ್ಟಿ, ಎರಡು ಮೀನಿನಿಂದ ಜನಸಮೂಹವನ್ನು ತಣಿಸಿದ ಪ್ರಸಂಗ ನೆನಪಾಯಿತು. ಅಲ್ಲಿ ಹನ್ನೆರಡು ಬುಟ್ಟಿ ತುಂಬಿದ್ದು ಯಾವಾಗ? ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೆ. ಉಳಿದ ಚೂರುಗಳನ್ನು ಪ್ರಭು ಹಾಳಾಗಬಿಡಲಿಲ್ಲ, ಆರಿಸಿ ಕೂಡಿಡಿಸಿದರು. ಆದರೆ ಬುಟ್ಟಿ ತುಂಬಿಸುವುದಕ್ಕಾಗಿ ಯಾರನ್ನೂ ಉಪವಾಸ ಕೂರಿಸಲಿಲ್ಲ.

ಇಂಧನಕ್ಕೂ ಇದೇ ಕ್ರಮ ಸರಿಯೆಂದು ನಮಗೆ ತೋರುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿದೆ, ಮುಗ್ಗಿದ ಕಾಳಿದೆ, ನುಚ್ಚಿದೆ. ಪಾಣಿಪತ್ತಿನಲ್ಲಿ 2022ರಲ್ಲಿ ಆರಂಭವಾದ ಕಾರ್ಖಾನೆ ಭತ್ತದ ಹುಲ್ಲಿನಿಂದಲೇ ಇಥೆನಾಲ್ ಮಾಡಲೆಂದು ಕಟ್ಟಿದ್ದು. ಹೊಲದ ಬದುವಿನ ಹೊಂಗೆಯ ಎಣ್ಣೆಯಿಂದ ಹಿಂದಿನವರು ದೀಪ ಹಚ್ಚುತ್ತಿದ್ದರು; ಅದರಿಂದ ಇಂದು ಡೀಸೆಲ್ ಬದಲಿ ಎಣ್ಣೆಯನ್ನೂ ಮಾಡಬಹುದು. ಇವೆಲ್ಲ ಉಂಡು ಉಳಿದ ಬುಟ್ಟಿಗಳು. ಒಳ್ಳೆಯ ಹೊಲ, ಒಳ್ಳೆಯ ನೀರು, ಒಳ್ಳೆಯ ಕಾಳು ಮಾತ್ರ ಮೊದಲು ತಟ್ಟೆಗೆ ಬರಬೇಕು.

ಕೊನೆಗೆ ಮನೆಯವರೆಲ್ಲ ಒಂದು ಒಪ್ಪಂದಕ್ಕೆ ಬಂದೆವು. ಎರಡೆಕರೆ ಬಿಳಿಜೋಳ, ಒಂದೆಕರೆ ಗೋವಿನಜೋಳ. ಜೋಳಕ್ಕೆ ಕರಿಮಣ್ಣು ಹಿಡಿದಿಟ್ಟ ತೇವವೇ ಸಾಕು. ಕಾಳು ನಮಗೆ, ಕಣಿಕೆ ದನಕ್ಕೆ. ಗೋವಿನಜೋಳದ ಹಣ ಮಗನ ಕೈಗೆ.

ನವೆಂಬರಿನಲ್ಲಿ ಗದಗ ಜಿಲ್ಲೆಯ ಬೀಗರು ಫೋನು ಮಾಡಿದರು. ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ಪೇಟೆಯ ದರ ಬಹಳ ಕೆಳಗೆ ಬಿದ್ದಿತ್ತು. ಖರೀದಿ ಕೇಂದ್ರ ತೆರೆಯಿರೆಂದು ರೈತರು ಧರಣಿ ಕುಳಿತಿದ್ದರು. ಮಗನ ಮುಖ ಬಾಡಿತು. "ನಾ ಹೇಳಿದ್ದಿಲ್ಲೇನು" ಎಂದು ನಾವಾರೂ ಅನ್ನಲಿಲ್ಲ. ಅವನ ಬೆಳೆಯೂ ನಮ್ಮದೇ ಬೆವರು. ಆಯಿ ಮಾತ್ರ, "ಇರಲಿ ಬಿಡೋ, ದರ ಬಿದ್ದರ ಬೀಳಲಿ. ಹಗೇವಿನ್ಯಾಗ ಜ್ವಾಳ ಇದ್ದರ ಮನಿ ಬೀಳೂದಿಲ್ಲ" ಎಂದಳು.

ಜನವರಿಯ ಚಳಿಯಲ್ಲಿ ಜೋಳ ಹಾಲುಗಾಳಾದಾಗ ಮಗನೇ ಕುಳ್ಳಿನ ಬೆಂಕಿ ಮಾಡಿ ಸೀತನಿ ಸುಟ್ಟು, ಮೊದಲ ಬೊಗಸೆಯನ್ನು ಆಯಿಯ ಉಡಿಗೆ ಹಾಕಿದ. ಸುಗ್ಗಿಯಾದ ಮೇಲೆ ಮೊದಲ ಚೀಲ ಧರ್ಮಕೇಂದ್ರದ ಬಡವರಿಗೆ ಎಂದೂ ಅವನೇ ಹೇಳಿದ.

ದಿನವೂ ಪರಲೋಕ ಮಂತ್ರದಲ್ಲಿ ನಾವು ಅಂದಿನ ಆಹಾರವನ್ನು ಬೇಡುತ್ತೇವೆ. ಬೇಡುವಾಗ 'ನನಗೆ' ಎನ್ನುವುದಿಲ್ಲ, 'ನಮಗೆ' ಎನ್ನುತ್ತೇವೆ. ಆ 'ನಮಗೆ' ಎಂಬುದರಲ್ಲಿ ಐದು ಕಿಲೋ ರೇಷನ್ನಿಗೆ ಸರದಿಯಲ್ಲಿ ನಿಂತವರೂ ಇದ್ದಾರೆ. ಹೊಲವಿರುವ ಕುಟುಂಬಗಳು ಮುಂದಿನ ಬಿತ್ತನೆಗೆ ಮುಂಚೆ, ಗಾಡಿಯಿರುವ ಕುಟುಂಬಗಳು ಮುಂದಿನ ಸಲ ಪೆಟ್ರೋಲು ಹಾಕಿಸುವಾಗ, ಇದನ್ನೊಮ್ಮೆ ಮನೆಯಲ್ಲಿ ಕುಳಿತು ಮಾತಾಡಿಕೊಂಡರೆ ಒಳ್ಳೆಯದಲ್ಲವೇ?