ಇದ್ರೆ, ಹಂಗಾರೆ, ಆತು

ಪ್ರೋಗ್ರಾಮಿಂಗ್ ಭಾಷೆ ಅಂದ್ರೆ ಸೆಟಪ್ ಫೈಲ್ ಇಳಿಸಿಕೊಂಡು ನಾಲ್ಕು ಸಲ 'ನೆಕ್ಸ್ಟ್' ಒತ್ತಿದರೆ ಸಿಗೋ ವಸ್ತು ಅಂತಲೇ ನಮ್ಮಲ್ಲಿ ಬಹಳ ಜನರ ಲೆಕ್ಕ. ಆ ಭಾಷೆಯೂ ಯಾರೋ ಕೂತು ಬರೆದ ಒಂದು ಪ್ರೋಗ್ರಾಮೇ ಅನ್ನೋದನ್ನ ಹತ್ತು ವರ್ಷ ಕೋಡ್ ಬರೆದವರೂ ಕಣ್ಣಾರೆ ನೋಡಿರೋದಿಲ್ಲ. ಲಿನಕ್ಸ್‌ನವರಿಗೆ ಸೋರ್ಸ್‌ನಿಂದ ಕಂಪೈಲ್ ಮಾಡೋದು ದಿನನಿತ್ಯದ ಮಾತು. ವಿಂಡೋಸ್‌ನಲ್ಲಿ ಮಾತ್ರ ಅದು ದೊಡ್ಡವರ ಕೆಲಸ ಅನ್ನೋ ಭಯ.

ಕಳೆದ ಮಳೆಗಾಲದಲ್ಲಿ ಕೋಲಸಿರ್ಸಿಗೆ ಹೋದಾಗ ಅಣ್ಣನ ಮಗ ಮುಖ ಸಪ್ಪಗೆ ಮಾಡಿಕೊಂಡಿದ್ದ. ಬಿಇ ಮೊದಲ ವರ್ಷ, ಕಂಪ್ಯೂಟರ್ ಸೈನ್ಸ್. ಕೈಯಲ್ಲಿ 4 ಜಿಬಿ ರ್‍ಯಾಮಿನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. 'ಇದ್ರಲ್ಲಿ ಎಂತದೂ ಆಗ್ತಿಲ್ಲೆ ಚಿಕ್ಕಪ್ಪ, ಆನು ಬ್ರ್ಯಾಂಚ್ ಬದಲ್ಸ್ತಿ' ಅಂದ. ಅಣ್ಣನಿಗೆ ಹೊಸದು ಕೊಡಿಸೋ ಮನಸ್ಸಿದೆ, ಆದರೆ ತೋಟಕ್ಕೆ ಕೊಳೆ ಬಿದ್ದಿತ್ತು. ಎರಡನೇ ಸಲ ಮದ್ದು ಹೊಡೆಸೋ ಖರ್ಚೇ ತಲೆ ಮೇಲಿತ್ತು.

ಪೈಥಾನನ್ನು ಸೋರ್ಸ್‌ನಿಂದ ಕಟ್ಟಿ ತೋರಿಸೋಣ ಅಂದ್ರೆ, ವಿಂಡೋಸ್‌ನಲ್ಲಿ ಅದಕ್ಕೆ ವಿಜುವಲ್ ಸ್ಟುಡಿಯೋ ಬೇಕು. ಕಮ್ಯುನಿಟಿ ಆವೃತ್ತಿ ಪುಕ್ಕಟೆಯೇ, ಸುಳ್ಳಲ್ಲ. ಆದರೆ ಹಲವು ಜಿಬಿ ಇಳಿಸಬೇಕು, ನಮ್ಮನೇಲಿ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಪುಕ್ಕಟೆ ಅನ್ನೋ ಪದದ ಅರ್ಥ ಬೆಂಗಳೂರಲ್ಲೇ ಬೇರೆ, ಊರಲ್ಲೇ ಬೇರೆ. ನನ್ನ ಪೆನ್‌ಡ್ರೈವಿನಲ್ಲಿ ಡಬ್ಲ್ಯೂ64ಡೆವ್‌ಕಿಟ್ ಇತ್ತು. ಜಿಸಿಸಿ ಕಂಪೈಲರ್, ಮೇಕ್, ಒಂದು ಎಡಿಟರ್ ಎಲ್ಲ ಸೇರಿದ ಸಣ್ಣ ಗಂಟು. ಇನ್‌ಸ್ಟಾಲ್ ಅನ್ನೋದೇ ಇಲ್ಲ, ಬಿಚ್ಚಿದರೆ ಆಯ್ತು. ಜೊತೆಗೆ ಲುವಾ 5.4ರ ಸೋರ್ಸ್, ಅರ್ಧ ಎಂಬಿಗೂ ಕಡಿಮೆ.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲಿನ ರಿಯೋ ಡಿ ಜನೈರೋದ ಒಂದು ವಿಶ್ವವಿದ್ಯಾಲಯದಲ್ಲಿ. ಆಗೆಲ್ಲ ಅಲ್ಲಿ ಹೊರದೇಶದ ಕಂಪ್ಯೂಟರು, ಸಾಫ್ಟ್‌ವೇರು ತರಿಸೋದು ಕಷ್ಟವಾಗಿತ್ತು. ಬೇಕಾದ್ದನ್ನ ತಾವೇ ಮಾಡಿಕೊಳ್ಳೋ ರೂಢಿ ಅಲ್ಲಿಂದ ಬಂತು. ಪೋರ್ಚುಗೀಸಿನಲ್ಲಿ ಲುವಾ ಅಂದ್ರೆ ಚಂದ್ರ. ತಮಾಷೆ ಅಂದ್ರೆ ಅವರೂ ಒಳಗೆ ಇಟ್ಟಿದ್ದು ಇಂಗ್ಲಿಷಿನ 'ಇಫ್', 'ದೆನ್', 'ಎಂಡ್'ಗಳನ್ನೇ.

ಕಪ್ಪು ಪರದೆಯಲ್ಲಿ 'ಮೇಕ್ ಮಿಂಗ್‌ಡಬ್ಲ್ಯೂ' ಅಂತ ಹೊಡೆದು ಎಂಟರ್ ಒತ್ತು ಅಂದೆ. ಮೂವತ್ತು ಚಿಲ್ಲರೆ ಸಿ ಫೈಲುಗಳು ಒಂದೊಂದಾಗಿ ಓಡಿದವು. ಆಯಿ ಚಾ ಸೋಸಿ ತರೋದರೊಳಗೆ ಲುವಾ ಡಾಟ್ ಇಎಕ್ಸ್‌ಇ ಎದುರಿಗಿತ್ತು. ಹುಡುಗ ಅದರ ಸೈಜ್ ನೋಡಿದ, ನನ್ನ ಮುಖ ನೋಡಿದ. 'ಇಷ್ಟೇಯಾ?'

ಎಲ್-ಲೆಕ್ಸ್ ಅನ್ನೋ ಸಿ ಫೈಲ್ ತೆಗೆದು ತೋರಿಸಿದೆ. ಭಾಷೆಯ ಕೀವರ್ಡುಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ, ಕೋಟ್ ಹಾಕಿದ ಬರೀ ಪದಗಳು. 'ಈ ಶಬ್ದನೂ ಬದಲ್ಸಲಾಗ್ತಾ ಚಿಕ್ಕಪ್ಪ?' ನಾನು ಕಾಯ್ತಾ ಇದ್ದ ಪ್ರಶ್ನೆ ಅದು. ಲೈಸೆನ್ಸ್ ಎಂಐಟಿ, ಯಾರೂ ಕೇಳೋರಿಲ್ಲ. ಎರಡೇ ಕಟ್ಟಳೆ: ಪದಗಳ ಸರದಿ ತಪ್ಪಿಸಬಾರದು, ಪದ 40 ಬೈಟ್ ದಾಟಬಾರದು. ಇದ್ದ ಹಾಗೇ ಲುವಾ ಕನ್ನಡ ಅಕ್ಷರದ ಹೆಸರನ್ನು ಒಪ್ಪೋದಿಲ್ಲ. ಕಂಪೈಲ್ ಮಾಡುವಾಗ ಯುಸಿಐಡಿ ಅನ್ನೋ ಗುರುತು ಕೊಟ್ಟರೆ ಒಪ್ಪುತ್ತೆ. ಹುಡುಗ ಯೋಚನೆ ಮಾಡಿ ಮಾಡಿ ಪದ ಆರಿಸಿದ. 'ಇಫ್'ಗೆ 'ಇದ್ರೆ', 'ದೆನ್'ಗೆ 'ಹಂಗಾರೆ'. 'ಎಂಡ್'ಗೆ 'ಆತು'. ಶಾಸ್ತ್ರೀಯ ಕನ್ನಡದ 'ಮುಕ್ತಾಯ' ಇಡು ಅಂತ ನಾನೊಂದು ಸಲ ಅಂದಿದ್ದಕ್ಕೆ ಕೇಳಿಸಲೇ ಇಲ್ಲ ಅನ್ನೋ ಹಾಗೆ ಇದ್ದ.

ಮತ್ತೆ ಕಂಪೈಲ್. ಅಪ್ಪನ ತೋಟದ ಲೆಕ್ಕಕ್ಕೆ ಹತ್ತು ಸಾಲಿನ ಪ್ರೋಗ್ರಾಮು, ಓಡಿತು. ಕಪ್ಪು ಪರದೆಯಲ್ಲಿ ಕನ್ನಡದ ಬದಲು ಡಬ್ಬಿ ಡಬ್ಬಿ ಬಂತು. ಔಟ್‌ಪುಟ್ಟನ್ನು ಫೈಲಿಗೆ ಕಳಿಸಿ ನೋಟ್‌ಪ್ಯಾಡಿನಲ್ಲಿ ತೆರೆದರೆ ಚೆಂದ ಕನ್ನಡ. 'ಕೋಲಸಿರ್ಸಿ'ಯ ಉದ್ದ ಕೇಳಿದರೆ ಲುವಾ 27 ಅಂತು. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಕೋಡಿಗೂ ಮೂರು ಬೈಟು. ಲುವಾದ ಯುಟಿಎಫ್-8 ಲೈಬ್ರರಿಗೆ ಕೇಳಿದರೆ 9. ಬೆರಳು ಮಡಚಿ ಎಣಿಸಿದ ಆಯಿಗೆ ನಾಲ್ಕು. ಮೂವರದ್ದೂ ಸರಿಯೇ.

ಒಂದು ವಿಷಯ ಅವನೇ ಕಂಡುಹಿಡಿದ. ಕನ್ನಡದಲ್ಲಿ 'ಇದ್ರೆ' ಮಾತಿನ ಹಿಂದೆ ಬರಬೇಕು, 'ಮಳೆ ಇದ್ರೆ' ಅಂತ. ಇಲ್ಲಿ ಅದು ಮುಂದೆ ಬರ್ತಿದೆ. ಪದ ನಮ್ಮದಾಯ್ತು, ವಾಕ್ಯ ಇಂಗ್ಲಿಷಿನದ್ದೇ ಉಳೀತು. ಅದನ್ನ ತಿರುಗಿಸಬೇಕಂದ್ರೆ ಎಲ್-ಪಾರ್ಸರ್ ಫೈಲಿಗೇ ಕೈ ಹಾಕಬೇಕು. ಅದು ಒಂದು ದಿನದ ಕೆಲಸ ಅಲ್ಲ ಅಂತ ಹೇಳಿ ನಾನು ಬೆಂಗಳೂರಿನ ಬಸ್ಸು ಹತ್ತಿದೆ.

ಹದಿನೈದು ದಿನ ಬಿಟ್ಟು ಗುಡ್ಡದ ಮೇಲಿಂದ ಫೋನು. ಬ್ರ್ಯಾಂಚಿನ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ಪ್ರೋಗ್ರಾಮಿನಲ್ಲಿ ಕೊನೆಯ 'ಆತು' ಬರೆಯೋದು ಬಿಟ್ಟುಹೋಗಿತ್ತಂತೆ, ಅದಕ್ಕೆ ಲುವಾ ''ಆತು' ಎಕ್ಸ್‌ಪೆಕ್ಟೆಡ್' ಅಂತ ಬೈದಿತ್ತು. ಆ 'ಎಕ್ಸ್‌ಪೆಕ್ಟೆಡ್' ಯಾವ ಫೈಲಿನಲ್ಲಿದೆ ಅನ್ನೋದು ಅವನ ಪ್ರಶ್ನೆ. ಹೇಳೋಣ ಅಂತ ಬಾಯಿ ತೆಗೆಯೋದರೊಳಗೆ, 'ಬ್ಯಾಡ, ಬ್ಯಾಡ, ಆನೇ ಹುಡುಕ್ತಿ' ಅಂದು ಇಟ್ಟುಬಿಟ್ಟ.